ನಮ್ಮ ಬರಹಗಾರರ ಗುಂಪಿನ ಮೊದಲ ಕಥಾಸಂಕಲನ: ಅಚ್ಚಿಗೆ ಕೊಡುವ ಮೊದಲು ಏನೇನು ನೋಡಿಕೊಳ್ಳಬೇಕು?

ಹೊಸಸಂಪಾದಕಿ

ಎಲ್ಲರಿಗೂ ನಮಸ್ಕಾರ. ನಮ್ಮದು 14 ಜನರ ಪುಟ್ಟ ಗುಂಪು. 4 ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಸೇರುತ್ತೇವೆ. ಒಬ್ಬರು ತಾವು ಬರೆದ ಕಥೆ ಓದುತ್ತಾರೆ, ಉಳಿದವರು ಕೇಳಿ ಅನಿಸಿದ್ದನ್ನು ಹೇಳುತ್ತಾರೆ. ಮೇಷ್ಟ್ರಿದ್ದಾರೆ, ಬಸ್ ಓಡಿಸುವವರಿದ್ದಾರೆ, ಲೆಕ್ಕಪತ್ರ ಬರೆಯುವವರಿದ್ದಾರೆ, ಈಗಷ್ಟೇ ಓದು ಮುಗಿಸಿದ ಹುಡುಗ ಹುಡುಗಿಯರೂ ಇದ್ದಾರೆ.

ಹೋದ ತಿಂಗಳು ಒಬ್ಬರು "ಇಷ್ಟು ಕಥೆ ಆಗಿವೆಯಲ್ಲ, ಒಂದು ಸಂಕಲನ ತರೋಣ" ಅಂದರು. ಎಲ್ಲರೂ ಹೂಂ ಅಂದರು. ಸಂಪಾದಕರು ಯಾರು ಅಂತ ಕೇಳಿದಾಗ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಒಪ್ಪಿಕೊಂಡೆ. ಇಷ್ಟಪಟ್ಟೇ ಒಪ್ಪಿಕೊಂಡಿದ್ದೇನೆ.

ಈಗ ಕೈಯಲ್ಲಿ 31 ಕಥೆಗಳಿವೆ. ಎಲ್ಲವನ್ನೂ ಹಾಕಿದರೆ ಪುಸ್ತಕ ದಪ್ಪ ಆಗುತ್ತೆ, ಆರಿಸಿದರೆ ಯಾರಿಗಾದರೂ ನೋವಾಗುತ್ತೆ. ತಲಾ ಒಂದೊಂದು ಹಾಕಿಬಿಡೋಣ ಅಂತ ಅರ್ಧ ಜನ ಹೇಳುತ್ತಿದ್ದಾರೆ. ಖರ್ಚನ್ನು ಹೇಗೆ ಹಂಚಿಕೊಳ್ಳುವುದು, ಕಥೆಯ ಹಕ್ಕು ಯಾರದ್ದು, ಎಷ್ಟು ಪ್ರತಿ ಹಾಕಿಸುವುದು, ಒಂದೂ ಗೊತ್ತಿಲ್ಲ. ಆದರೆ ನನಗೆ ಜಾಸ್ತಿ ಭಯ ಇರುವುದು ಬೇರೆ ವಿಷಯಕ್ಕೆ. ಪುಸ್ತಕ ಬಂದಮೇಲೆ ನಾವು 14 ಜನ, ನಮ್ಮ ಮನೆಯವರು, ನಮ್ಮ ಗೆಳೆಯರು ಕೊಂಡುಕೊಂಡು, ಅಲ್ಲಿಗೇ ನಿಂತುಬಿಟ್ಟರೆ? ಇದನ್ನೆಲ್ಲ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ.


ಹಳೇಬೆಂಚು

ಮೊದಲು ಅಭಿನಂದನೆ. 4 ವರ್ಷ ತಪ್ಪದೆ ಸೇರುವುದು ಪುಸ್ತಕ ತರುವುದಕ್ಕಿಂತ ಕಷ್ಟದ ಕೆಲಸ.

ತಲಾ ಒಂದು ಕಥೆ ಅನ್ನುವ ದಾರಿಯನ್ನು ನಾವು ಹಿಡಿದಿದ್ದೆವು. ಜಗಳ ಆಗಲಿಲ್ಲ, ನಿಜ. ಆದರೆ ಪುಸ್ತಕ ಎತ್ತಿಕೊಂಡ ಹೊಸಬರು ಎರಡನೆಯ ಕಥೆಗೇ ಇಟ್ಟುಬಿಟ್ಟರು. ಒಂದು ಸೊರಗಿದ ಕಥೆ ಪಕ್ಕದ ಎರಡು ಒಳ್ಳೆಯ ಕಥೆಗಳನ್ನೂ ಕೆಳಗೆಳೆಯುತ್ತದೆ. ಓದುವವರಿಗೆ ನಮ್ಮ ಸ್ನೇಹ ಕಾಣುವುದಿಲ್ಲ, ಪುಟ ಮಾತ್ರ ಕಾಣುತ್ತದೆ.


ಮೊದಲಕಥೆ

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ ಸರ್. ನನ್ನ ಮೊದಲ ಕಥೆ ಅಚ್ಚಾಗಿದ್ದು ಇಂಥದ್ದೇ ಒಂದು ಗುಂಪಿನ ಪುಸ್ತಕದಲ್ಲಿ. ಆ ಕಥೆ ಸೊರಗಿದ್ದೇ ಆಗಿತ್ತು. ಈಗ ಓದಿದರೆ ನನಗೇ ಗೊತ್ತಾಗುತ್ತೆ. ಆದರೆ ಅವತ್ತು ಅದನ್ನು ಬಿಟ್ಟಿದ್ದರೆ ನಾನು ಬರೆಯುವುದನ್ನೇ ಬಿಟ್ಟುಬಿಡುತ್ತಿದ್ದೆನೋ ಏನೋ. ಗುಂಪು ಇರುವುದು ಬೆಳೆಸುವುದಕ್ಕೂ ಅಲ್ವಾ?


ಹಳೇಬೆಂಚು

ನಿಮ್ಮ ಮಾತು ನಿಜ. ಆದರೆ ಬೆಳೆಸುವ ಕೆಲಸ ಅಚ್ಚಿಗೆ ಹೋಗುವ ಮೊದಲು ಆಗಬೇಕು. ಸೊರಗಿದ ಕಥೆಯನ್ನು ಹಾಗೇ ಹಾಕುವುದೂ ಒಂದು ಥರ ಕೈ ಬಿಟ್ಟಂತೆ. ಕೂತು ಮೂರು ಸಲ ತಿದ್ದಿಸಿ, ಆಮೇಲೆ ಹಾಕಿ. ಆಗಲೂ ಏಳದಿದ್ದರೆ ಮುಂದಿನ ಪುಸ್ತಕಕ್ಕೆ ಇಟ್ಟುಕೊಳ್ಳಿ.


ಕರಡುಕಣ್ಣು

ಆಯ್ಕೆ ಬಗ್ಗೆ ನಾನು ಕಂಡಿದ್ದು ಹೇಳುತ್ತೇನೆ. ನಾನು ಮೂರು ಸಂಕಲನಗಳಿಗೆ ಕರಡು ತಿದ್ದಿದ್ದೇನೆ, ಒಂದಕ್ಕೆ ಸಂಪಾದಕ ಮಂಡಳಿಯಲ್ಲೂ ಇದ್ದೆ.

ಕಥೆಗಳಿಂದ ಹೆಸರು ತೆಗೆದು ನಂಬರ್ ಹಾಕಿ ಓದಿ ಅಂತ ಎಲ್ಲರೂ ಹೇಳುತ್ತಾರೆ. ನಾವೂ ಹಾಗೇ ಮಾಡಿದೆವು. ಏನೂ ಉಪಯೋಗ ಆಗಲಿಲ್ಲ. ನಾಲ್ಕು ವರ್ಷ ಒಟ್ಟಿಗೆ ಕೂತವರಿಗೆ ಎರಡು ಸಾಲು ಓದಿದರೆ ಸಾಕು, ಇದು ಯಾರ ಕಥೆ ಅಂತ ಗೊತ್ತಾಗುತ್ತೆ. ಒಬ್ಬರು "ಸುಮ್ನೆ" ಅಂತ ಬರೆದರೆ ಇನ್ನೊಬ್ಬರು "ಸುಮ್ಕೆ" ಅಂತ ಬರೆಯುತ್ತಾರೆ. ಮಾತಿನ ಧಾಟಿಯೇ ಹೆಸರು ಹೇಳಿಬಿಡುತ್ತೆ. ಹಾಗಾಗಿ ಮೂರು ಜನ ಓದುವವರಲ್ಲಿ ಇಬ್ಬರಾದರೂ ಗುಂಪಿನ ಹೊರಗಿನವರಿರಲಿ. ಅವರು ಬರಹಗಾರರೇ ಆಗಬೇಕಿಲ್ಲ, ಕಥೆ ಓದುವ ಅಭ್ಯಾಸ ಇದ್ದರೆ ಸಾಕು. ಅಂಕ ಕೊಡಿ ಅನ್ನಬೇಡಿ. "ಎಲ್ಲಿ ಓದುವುದು ನಿಲ್ಲಿಸಬೇಕು ಅನ್ನಿಸಿತು, ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ" ಅನ್ನಿ. 31 ಕಥೆಯಲ್ಲಿ ಆ ಗೆರೆಗಳು ಎಲ್ಲೆಲ್ಲಿ ಬಿದ್ದಿವೆ ನೋಡಿದರೆ ನಿಮ್ಮ ಆಯ್ಕೆ ಅರ್ಧ ಮುಗಿದಿರುತ್ತೆ.

ನಮ್ಮದರಲ್ಲಿ ಒಂದು ಕಥೆಗೆ ಮೂರೂ ಜನ ಮೊದಲ ಪುಟದಲ್ಲೇ ಗೆರೆ ಎಳೆದಿದ್ದರು. ಬೆಳಗು, ಮಂಜು, ಮರ, ಹಕ್ಕಿ ಅಂತ ಮೂರು ಪ್ಯಾರಾ. ನಾಲ್ಕನೆಯ ಪ್ಯಾರಾ ಶುರುವಾಗುತ್ತಿದ್ದುದು ಹೀಗೆ: "ಬಾಗಿಲು ತೆರೆದೇ ಇತ್ತು. ಚಪ್ಪಲಿ ಒಂದೇ ಇತ್ತು." ಬರೆದವರ ಜೊತೆ ಕೂತು ಮೊದಲ ಮೂರು ಪ್ಯಾರಾ ಮೇಲೆ ಕೈ ಅಡ್ಡ ಇಟ್ಟು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ತಾವೇ ಪೆನ್ನು ತೆಗೆದು ಹೊಡೆದುಹಾಕಿದರು. ಕೊನೆಗೆ ಆ ಪುಸ್ತಕದ ಮೊದಲ ಕಥೆ ಅದೇ ಆಯಿತು.


ಮೊದಲಕಥೆ

"ಚಪ್ಪಲಿ ಒಂದೇ ಇತ್ತು." ಆಹಾ. ಈಗ ಆ ಕಥೆ ಓದಬೇಕು ಅನ್ನಿಸುತ್ತಿದೆ!


ಹಿಂಬದಿಸಾಲು

ಬಿಟ್ಟುಹೋದವರ ಕಡೆಯಿಂದ ಒಂದು ಮಾತು ಹೇಳಲಾ? ನಮ್ಮ ಗುಂಪಿನ ಸಂಕಲನದಲ್ಲಿ ನನ್ನ ಕಥೆ ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕಿಂತ ಅದು ತಿಳಿದ ರೀತಿ ನೋವು ಕೊಟ್ಟಿತು. ಪರಿವಿಡಿಯ ಫೋಟೊ ಗುಂಪಿಗೆ ಬಂತು, ಅದರಲ್ಲಿ ನನ್ನ ಹೆಸರು ಹುಡುಕಿ ಹುಡುಕಿ ಸಾಕಾಯಿತು. ಯಾರೂ ಮೊದಲೇ ಒಂದು ಫೋನ್ ಮಾಡಿ ಹೇಳಿರಲಿಲ್ಲ. ಆರು ತಿಂಗಳು ನಾನು ಆ ಕಡೆ ಹೋಗಲಿಲ್ಲ.

ದಯವಿಟ್ಟು ಎದುರು ಕೂತು ಹೇಳಿ ಮೇಡಂ. ಯಾಕೆ ಅಂತ ಕಥೆಯ ಒಳಗಿನ ಕಾರಣ ಹೇಳಿ. "ಜಾಗ ಇರಲಿಲ್ಲ" ಅನ್ನಬೇಡಿ. ಬರೆಯುವವರಿಗೆ ಅದು ಸುಳ್ಳು ಅಂತ ತಕ್ಷಣ ಗೊತ್ತಾಗುತ್ತೆ.


ಹೊಸಸಂಪಾದಕಿ

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಥ್ಯಾಂಕ್ಸ್. ನಮ್ಮಲ್ಲಿ ಇದು ಹೀಗೆ ಆಗಲು ಬಿಡುವುದಿಲ್ಲ. ಪರಿವಿಡಿ ಅಂತಿಮ ಆಗುವ ಮೊದಲು ಒಬ್ಬೊಬ್ಬರ ಹತ್ತಿರವೂ ನಾನೇ ಹೋಗಿ ಮಾತಾಡುತ್ತೇನೆ.

ಹಕ್ಕಿನ ವಿಷಯ ಯಾರಾದರೂ ಹೇಳಿ. ನಮ್ಮಲ್ಲಿ ಒಬ್ಬರು "ಪುಸ್ತಕ ನೋಂದಣಿ ಮಾಡಿಸದಿದ್ದರೆ ಯಾರು ಬೇಕಾದರೂ ಕದಿಯಬಹುದು" ಅಂತ ಎಲ್ಲರನ್ನೂ ಹೆದರಿಸಿಟ್ಟಿದ್ದಾರೆ.


ಹಳೇಬೆಂಚು

ಹೆದರಬೇಡಿ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ಯಾವ ದೇಶದಲ್ಲೂ ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯ ಅಲ್ಲ. ಜಗತ್ತಿನ ಹೆಚ್ಚಿನ ದೇಶಗಳು ಆ ಒಪ್ಪಂದದಲ್ಲಿವೆ. ಕಥೆ ಬರೆದು ಮುಗಿಸಿದ ಗಳಿಗೆಯಿಂದ ಅದು ಬರೆದವರ ಸ್ವತ್ತು. ಬರೆದವರು ಬದುಕಿರುವವರೆಗೆ, ಆಮೇಲೆ ಕನಿಷ್ಠ 50 ವರ್ಷ. ಕೆಲವು ದೇಶಗಳಲ್ಲಿ ಇನ್ನೂ ಜಾಸ್ತಿ.

ಅಂದರೆ ನಿಮ್ಮ ಸಂಕಲನದಲ್ಲಿ ಒಂದೊಂದು ಕಥೆಯ ಹಕ್ಕೂ ಆಯಾ ಲೇಖಕರದ್ದೇ. ಗುಂಪಿಗೆ ಬೇಕಿರುವುದು ಅದನ್ನು ಅಚ್ಚು ಹಾಕುವ ಅನುಮತಿ ಮಾತ್ರ. ಅದನ್ನು ಬಾಯಿಮಾತಿಗೆ ಬಿಡಬೇಡಿ. ಒಂದೇ ಒಂದು ಹಾಳೆ ಸಾಕು. ಈ ಕಥೆಯನ್ನು ಈ ಸಂಕಲನದಲ್ಲಿ ಅಚ್ಚು ಹಾಕಲು ಒಪ್ಪಿದ್ದೇನೆ, ಕಥೆ ನನ್ನದೇ, ಬೇರೆಲ್ಲಿಂದಲೂ ತೆಗೆದದ್ದಲ್ಲ, ಮೊದಲು ಇಲ್ಲಿ ಪ್ರಕಟವಾಗಿತ್ತು ಅಥವಾ ಆಗಿಲ್ಲ. ಇ-ಪುಸ್ತಕ, ಓದಿ ಧ್ವನಿಮುದ್ರಿಸುವುದು, ಅನುವಾದ, ಇವುಗಳ ಬಗ್ಗೆ ಒಂದೊಂದು ಸಾಲು ಬೇರೆ ಬೇರೆ ಬರೆಯಿರಿ. ಒಬ್ಬರಿಗೆ ಇ-ಪುಸ್ತಕ ಇಷ್ಟ ಇರುವುದಿಲ್ಲ, ಅದು ಅವರ ಇಷ್ಟ. ಒಂದು ವರ್ಷದವರೆಗೆ ಬೇರೆ ಸಂಕಲನಕ್ಕೆ ಕೊಡುವುದಿಲ್ಲ, ಆಮೇಲೆ ಎಲ್ಲಿ ಬೇಕಾದರೂ ಕೊಡಬಹುದು ಅಂತ ಇದ್ದರೆ ಎಲ್ಲರಿಗೂ ನೆಮ್ಮದಿ. ಅವರ ಸ್ವಂತ ಸಂಕಲನ ಬರುವಾಗ ಈ ಕಥೆ ಸಿಗದೆ ಹೋಗಬಾರದಲ್ಲ.

ಮತ್ತೆ ಒಂದು. ಯಾವುದಾದರೂ ಕಥೆಯಲ್ಲಿ ಸಿನಿಮಾ ಹಾಡಿನ ಸಾಲುಗಳಿವೆಯಾ ನೋಡಿ. ಪಾತ್ರ ಹಾಡು ಗುನುಗುತ್ತೆ ಅಂತ ನಾಲ್ಕು ಸಾಲು ಎತ್ತಿ ಬರೆದುಬಿಡುತ್ತೇವೆ. ಆ ಸಾಲಿಗೂ ಹಕ್ಕುದಾರರಿದ್ದಾರೆ. "ಹಳೇ ಹಾಡೊಂದನ್ನು ಗುನುಗಿದ" ಅಂದರೆ ಕಥೆಗೆ ಏನೂ ಕಮ್ಮಿ ಆಗುವುದಿಲ್ಲ.


ಪುಸ್ತಕದಹುಳು

ಸ್ಪರ್ಧೆಗೆ ಕಳಿಸುವ ಆಸೆ ಇರುವವರಿಗೂ ಮೊದಲೇ ಹೇಳಿ. ಹೆಚ್ಚಿನ ಕಥಾಸ್ಪರ್ಧೆಗಳು ಎಲ್ಲೂ ಪ್ರಕಟವಾಗದ ಕಥೆಯನ್ನೇ ಕೇಳುತ್ತವೆ. ಸಂಕಲನದಲ್ಲಿ ಬಂದಮೇಲೆ ಆ ಬಾಗಿಲು ಮುಚ್ಚಿತು. ಪ್ರಚಾರಕ್ಕೆ ಅಂತ ಪೂರ್ತಿ ಕಥೆಯನ್ನು ಫೇಸ್‌ಬುಕ್‌ನಲ್ಲಿ ಹಾಕಿದರೂ ಹಾಗೇ.


ಅಚ್ಚಿನಮನೆ

ನಾನು ಮುದ್ರಣದ ಕೆಲಸದಲ್ಲಿದ್ದೇನೆ. ಗುಂಪಿನ ಪುಸ್ತಕ ತರುವವರು ನಮ್ಮ ಹತ್ತಿರ ಬಂದಾಗ ಏನೇನು ಎಡವುತ್ತಾರೆ ಅನ್ನುವುದನ್ನು ಹೇಳಿಬಿಡುತ್ತೇನೆ.

ಮೊದಲನೆಯದು ಪುಟದ ಲೆಕ್ಕ. ಪುಸ್ತಕ ಒಂದೊಂದೇ ಪುಟವಾಗಿ ಅಚ್ಚಾಗುವುದಿಲ್ಲ, ಫಾರಂ ಲೆಕ್ಕದಲ್ಲಿ ಆಗುತ್ತದೆ. ಸಾಮಾನ್ಯವಾಗಿ ಒಂದು ಫಾರಂಗೆ 16 ಪುಟ. 160 ಪುಟ ಅಂದರೆ ಸರಿಯಾಗಿ 10 ಫಾರಂ. ನೀವು 163 ಪುಟ ತಂದರೆ ಅದು 160 ಆಗುವುದಿಲ್ಲ, 168ಕ್ಕೋ 176ಕ್ಕೋ ಹೋಗುತ್ತದೆ. ಆ ಖಾಲಿ ಪುಟಗಳಿಗೂ ಕಾಗದದ ದುಡ್ಡು ನಿಮ್ಮದೇ.

ಎರಡನೆಯದು ಕಾಗದದ ನಾರು. ಇದನ್ನು ಯಾರೂ ಕೇಳುವುದೇ ಇಲ್ಲ. ಮಷಿನ್‌ನಲ್ಲಿ ಕಾಗದ ಮಾಡುವಾಗ ಅದರ ನಾರು ಒಂದೇ ದಿಕ್ಕಿಗೆ ಮಲಗುತ್ತದೆ. ಆ ದಿಕ್ಕು ಪುಸ್ತಕದ ಬೆನ್ನಿನ ಉದ್ದಕ್ಕೆ ಇರಬೇಕು. ಅಡ್ಡ ಬಿದ್ದರೆ ಪುಸ್ತಕ ತೆರೆದು ಇಟ್ಟ ಕೂಡಲೇ ಪಟ್ಟಂತ ಮುಚ್ಚಿಕೊಳ್ಳುತ್ತದೆ, ಓದುವವರು ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕು. ಒಂದು ಖಾಲಿ ಹಾಳೆ ತೆಗೆದುಕೊಂಡು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಮಡಿಕೆಯ ಉದ್ದಕ್ಕೇ ನಾರು ಇದೆ ಅಂತ ಅರ್ಥ.

ಎಷ್ಟು ಪ್ರತಿ ಅನ್ನುವುದಕ್ಕೆ ಬರುತ್ತೇನೆ. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡಿ ಮಷಿನ್ ಸಜ್ಜು ಮಾಡುವುದಕ್ಕೇ ಹೆಚ್ಚಿನ ಖರ್ಚು. ಅದು 100 ಪ್ರತಿಗೂ ಒಂದೇ, 1000ಕ್ಕೂ ಒಂದೇ. ಹಾಗಾಗಿ ಜಾಸ್ತಿ ಹಾಕಿದಷ್ಟೂ ಒಂದು ಪ್ರತಿಯ ಖರ್ಚು ಇಳಿಯುತ್ತದೆ. ಡಿಜಿಟಲ್‌ನಲ್ಲಿ ಪ್ಲೇಟ್ ಇಲ್ಲ, 50 ಹಾಕಿದರೂ 200 ಹಾಕಿದರೂ ಒಂದು ಪ್ರತಿಗೆ ಹೆಚ್ಚೂಕಮ್ಮಿ ಒಂದೇ ಖರ್ಚು. "1000 ಹಾಕಿಸಿದರೆ ಅಗ್ಗ" ಅಂತ ಹಾಕಿಸಿ, 700 ಪ್ರತಿ ಯಾರದೋ ಮನೆಯ ಮಂಚದ ಕೆಳಗೆ ಇರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲೇ ಹೆಸರು ಬರೆಸಿ, ದುಡ್ಡು ಕೊಟ್ಟವರು ಎಷ್ಟು ಜನ ಅಂತ ಎಣಿಸಿ, ಅದರ ಮೇಲೆ ನಿರ್ಧಾರ ಮಾಡಿ.

ಮುಖಪುಟ ಮಾಡುವವರಿಗೆ ಕೊನೆಯ ಪುಟಸಂಖ್ಯೆ ಗೊತ್ತಾಗುವವರೆಗೆ ಬೆನ್ನಿನ ಅಳತೆ ಕೊಡಬೇಡಿ. 160 ಪುಟ ಅಂದರೆ 80 ಹಾಳೆ. ಒಂದು ಹಾಳೆ 0.1 ಮಿಲಿಮೀಟರ್ ದಪ್ಪ ಇದ್ದರೆ ಬೆನ್ನು 8 ಮಿಲಿಮೀಟರ್. ಕೊನೆಗೆ ಎರಡು ಕಥೆ ಸೇರಿಸಿದರೆ ಬೆನ್ನಿನ ಮೇಲಿನ ಹೆಸರು ಮುಖಪುಟಕ್ಕೆ ಜಾರುತ್ತದೆ. ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಣ್ಣ ಬಿಡಲು ಹೇಳಿ, ಅದು ಕತ್ತರಿಸುವಾಗ ಹೋಗುವುದಕ್ಕೆ.


ಹೊಸಸಂಪಾದಕಿ

ಸರ್, ಈ ನಾರಿನ ವಿಷಯ ನಾನು ಕೇಳಿಯೇ ಇರಲಿಲ್ಲ! ಈಗಷ್ಟೇ ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ತೆರೆದು ನೋಡಿದೆ. ಕೆಲವು ಹಾಗೇ ತೆರೆದುಕೊಂಡಿರುತ್ತವೆ, ಒಂದೆರಡು ಮುಚ್ಚಿಕೊಂಡುಬಿಟ್ಟವು. ಇಷ್ಟು ದಿನ ಬೈಂಡಿಂಗ್ ಸರಿ ಇಲ್ಲ ಅಂದುಕೊಂಡಿದ್ದೆ.

ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ನಂಬರ್, ಅದು ಬೇಕೇ ಬೇಕಾ?


ಅಚ್ಚಿನಮನೆ

ಅಂಗಡಿಗೆ, ಗ್ರಂಥಾಲಯಕ್ಕೆ, ಆನ್‌ಲೈನ್ ಮಾರಾಟಕ್ಕೆ ಕೊಡುವುದಿದ್ದರೆ ಮಾಡಿಸಿಬಿಡಿ. 2007ರ ಮೊದಲು ಅದು 10 ಅಂಕಿ ಇತ್ತು, ಆಮೇಲೆ 13 ಅಂಕಿ. 978 ಅಥವಾ 979ರಿಂದ ಶುರುವಾಗುತ್ತದೆ. ಕೊನೆಯ ಅಂಕಿ ಬರೀ ತಾಳೆ ನೋಡುವುದಕ್ಕೆ. ಅಂಕಿಗಳನ್ನು ಸಾಲಾಗಿ 1, 3, 1, 3 ರಿಂದ ಗುಣಿಸಿ ಕೂಡಿದರೆ ಮೊತ್ತ 10ರಿಂದ ಭಾಗವಾಗಬೇಕು. ಹಿಂದೊಮ್ಮೆ ಹಕ್ಕುಪುಟದಲ್ಲಿ ಎರಡು ಅಂಕಿ ಅದಲುಬದಲಾಗಿದ್ದನ್ನು ಈ ಲೆಕ್ಕದಿಂದಲೇ ಹಿಡಿದೆ. ಇ-ಪುಸ್ತಕ ತಂದರೆ ಅದಕ್ಕೆ ಬೇರೆ ನಂಬರ್ ಬೇಕು.


ಕರಡುಕಣ್ಣು

ಕರಡಿನ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಗುಂಪಿನ ಪುಸ್ತಕಗಳು ಸೋಲುವುದು ಜಾಸ್ತಿ ಇಲ್ಲೇ.

14 ಜನ 14 ಥರ ಟೈಪ್ ಮಾಡಿ ಕಳಿಸುತ್ತಾರೆ. ಕೆಲವರದ್ದು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ), ಕೆಲವರದ್ದು ಹಳೆಯ ಫಾಂಟ್. ಕನ್ನಡ 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಇದೆ, ಆದರೂ ಹಳೆಯ ಫಾಂಟಿನ ಕಡತಗಳು ಇವತ್ತಿಗೂ ಬರುತ್ತವೆ. ಅವನ್ನು ಯುನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವೊತ್ತು ಎಲ್ಲಿ ಬೇಕಾದರೂ ಕೈ ಕೊಡುತ್ತವೆ. ಬದಲಾಯಿಸಿದ ಮೇಲೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಸಲ ಓದಲೇಬೇಕು. ಸುಮ್ನೆ ಕಣ್ಣಾಡಿಸಿದರೆ ಆಗದು.

ಇನ್ನು "ಹುಡುಕು, ಬದಲಿಸು" ಅನ್ನುವ ಗುಂಡಿ. ಒಬ್ಬ ಲೇಖಕರು ಕೊನೆ ಗಳಿಗೆಯಲ್ಲಿ, ನನ್ನ ಕಥೆಯ ರಾಮ ಪಕ್ಕದ ಮನೆಯವರನ್ನು ಹೋಲುತ್ತಾನೆ, ಸೋಮ ಅಂತ ಮಾಡಿಬಿಡಿ ಅಂದರು. ನಾನು ಒಂದೇ ಏಟಿಗೆ ಎಲ್ಲ ಬದಲಿಸಿದೆ. ಕರಡಚ್ಚು ಬಂದಾಗ ಓದಿದರೆ, ಅಜ್ಜಿ "ಆಸೋಮವಾಗಿ" ಕೂತಿದ್ದಾಳೆ. ಶಾಲೆಗೆ "ವಿಸೋಮ" ಬಿಟ್ಟಿದೆ. "ಗ್ಸೋಮದ" ಜನರೆಲ್ಲ ಸೇರಿದ್ದಾರೆ. ಆರಾಮ, ವಿರಾಮ, ಗ್ರಾಮ, ಮೂರರಲ್ಲೂ ರಾಮ ಇದ್ದಾನೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಅವತ್ತು ರಾತ್ರಿ ಕಣ್ಣಲ್ಲಿ ನೀರು ಬಂದಿತ್ತು. ಅದೃಷ್ಟಕ್ಕೆ ಅಚ್ಚಾಗಿರಲಿಲ್ಲ. ಅಂದಿನಿಂದ ಒಂದೊಂದೇ ನೋಡಿ ಬದಲಿಸುತ್ತೇನೆ.

ಕತೆಯೋ ಕಥೆಯೋ, ಮೇಷ್ಟ್ರೋ ಮೇಸ್ಟ್ರೋ, ಎರಡೂ ಸರಿಯೇ. ಆದರೆ ಮುನ್ನುಡಿ, ಲೇಖಕರ ಪರಿಚಯ, ಬೆನ್ನುಡಿ ಇವುಗಳಲ್ಲಿ ಒಂದನ್ನು ಹಿಡಿಯಿರಿ. ಕಥೆಗಳ ಒಳಗೆ ಮಾತ್ರ ಕೈ ಹಾಕಬೇಡಿ. ಪಾತ್ರಗಳ ಆಡುಮಾತನ್ನು ತಿದ್ದಿ ಎಲ್ಲರೂ ಒಂದೇ ಥರ ಮಾತಾಡುವ ಹಾಗೆ ಮಾಡಿಬಿಟ್ಟರೆ ಕಥೆ ಸತ್ತಂತೆ. ಒಂದು ಕಥೆಯ ಒಳಗೆ ಒಂದೇ ಧಾಟಿ ಇದೆಯಾ ಅಷ್ಟು ನೋಡಿ. ಮೊದಲ ಪುಟದಲ್ಲಿ "ಬತ್ತೀನಿ" ಅಂದವಳು ಮೂರನೆಯ ಪುಟದಲ್ಲಿ "ಬರ್ತೇನೆ" ಅಂದರೆ ಬರೆದವರನ್ನೇ ಕೇಳಿ.

ಕೊನೆಯ ಕರಡನ್ನು ಗಟ್ಟಿಯಾಗಿ ಓದಿಸಿ. ನಿಮ್ಮ ಗುಂಪಿಗೆ ಓದುವ ಅಭ್ಯಾಸ ಇದ್ದೇ ಇದೆಯಲ್ಲ. ಒಬ್ಬರ ಕಥೆಯನ್ನು ಇನ್ನೊಬ್ಬರು ಓದಲಿ. ಬರೆದವರು ಓದಿದರೆ ಕಾಗದದ ಮೇಲೆ ಇಲ್ಲದ ಅಕ್ಷರವನ್ನೂ ಓದಿಬಿಡುತ್ತಾರೆ.


ಪುಟಬಣ್ಣ

ಪುಟವಿನ್ಯಾಸ ಮಾಡುವವಳಾಗಿ ಒಂದು ಮಾತು ಸೇರಿಸುತ್ತೇನೆ. ಕನ್ನಡದ ಪದಗಳು ಉದ್ದ. ಎರಡೂ ಅಂಚು ಸಮ ಮಾಡಿದರೆ ಸಾಲಿನ ನಡುವೆ ದೊಡ್ಡ ದೊಡ್ಡ ಬಿಳಿ ಕಿಂಡಿ ಬೀಳುತ್ತವೆ. ಪುಸ್ತಕದ ಅಳತೆ ತೀರಾ ಚಿಕ್ಕದು ಮಾಡಿಕೊಳ್ಳಬೇಡಿ, ಎ5 ಅಂದರೆ 148 ಗುಣಿಲೆ 210 ಮಿಲಿಮೀಟರ್, ಕಥೆಗಳಿಗೆ ಅದು ಆರಾಮ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಸಾಲಿನ ನಡುವೆ ಜಾಗ ಬಿಡಿಸಿ. ಪುಟ ಉಳಿಸುವುದಕ್ಕೆ ಸಾಲುಗಳನ್ನು ಅಮುಕಿದ ಪುಸ್ತಕ ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.


ಹೊಸಸಂಪಾದಕಿ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. 31ರಲ್ಲಿ 16 ಕಥೆ ಉಳಿದಿವೆ, 11 ಜನರದ್ದು. ಹೊರಗಿನ ಇಬ್ಬರು ಓದಿದರು, ಪೆನ್ಸಿಲ್ ಗೆರೆಯ ಉಪಾಯ ತುಂಬಾ ಕೆಲಸಕ್ಕೆ ಬಂತು. ಕಥೆ ಬರದ ಮೂವರ ಮನೆಗೂ ಹೋಗಿದ್ದೆ. ಒಬ್ಬರು ಅಳುತ್ತಲೇ ಕೇಳಿಸಿಕೊಂಡರು, ಆದರೆ ಕರಡು ಗಟ್ಟಿಯಾಗಿ ಓದುವ ದಿನ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಅವರೇ ಜಾಸ್ತಿ ತಪ್ಪು ಹಿಡಿದರು.

ಖರ್ಚನ್ನು 14 ಜನವೂ ಸಮನಾಗಿ ಹಾಕಿದ್ದೇವೆ, ಪುಟದ ಲೆಕ್ಕಕ್ಕಲ್ಲ. ಬಂದ ದುಡ್ಡಿನಲ್ಲಿ ಮೊದಲು ಎಲ್ಲರ ಹಣ ವಾಪಸ್, ಉಳಿದದ್ದು ಮುಂದಿನ ಪುಸ್ತಕಕ್ಕೆ. ಲೆಕ್ಕದ ಪುಸ್ತಕ ಯಾರು ಯಾವಾಗ ಬೇಕಾದರೂ ನೋಡಬಹುದು.

ಪುಟ ಎಣಿಸಿದರೆ ಸರಿಯಾಗಿ 163 ಬಂತು! ಅಚ್ಚಿನಮನೆ ಸರ್ ಹೇಳಿದ ಅದೇ ಲೆಕ್ಕ. ನಾನು ಬರೆದ ಮುನ್ನುಡಿ 5 ಪುಟ ಇತ್ತು, 2ಕ್ಕೆ ಇಳಿಸಿದೆ. ಈಗ 160. ಕಥೆಗಳ ಒಂದು ಸಾಲಿಗೂ ಕತ್ತರಿ ಹಾಕಬೇಕಾಗಲಿಲ್ಲ.

ಈಗ ನನ್ನ ಹಳೇ ಭಯಕ್ಕೆ ಬರುತ್ತೇನೆ. ಪುಸ್ತಕವನ್ನು ನಮ್ಮ ಬಳಗದ ಆಚೆಗೆ ದಾಟಿಸುವುದು ಹೇಗೆ? ದೊಡ್ಡ ಬಿಡುಗಡೆ ಸಮಾರಂಭ ಮಾಡೋಣ ಅಂತ ಎಲ್ಲರ ಆಸೆ.


ಹಳೇಬೆಂಚು

ಸಮಾರಂಭ ಮಾಡಿ, ಸಂತೋಷದ ಕೆಲಸ ಅದು. ಆದರೆ ಅಲ್ಲಿ ಭಾಷಣ ಕಮ್ಮಿ ಇರಲಿ, ಕಥೆ ಓದುವುದು ಜಾಸ್ತಿ ಇರಲಿ. ನಾನು ಹೋದ ಎಷ್ಟೋ ಬಿಡುಗಡೆಗಳಲ್ಲಿ ಎರಡು ಗಂಟೆ ಪುಸ್ತಕದ ಬಗ್ಗೆ ಮಾತಾಡಿದರು, ಪುಸ್ತಕದ ಒಂದು ಸಾಲೂ ಕಿವಿಗೆ ಬೀಳಲಿಲ್ಲ.


ಪುಸ್ತಕದಹುಳು

ನಾನು ಬರೆಯುವವಳಲ್ಲ, ಓದುವವಳು. ನಮ್ಮದೊಂದು ಓದುಗರ ಬಳಗ ಇದೆ. ಪುಸ್ತಕ ನಮ್ಮ ತನಕ ಹೇಗೆ ಬರುತ್ತೆ ಅಂತ ನನ್ನ ಕಡೆಯಿಂದ ಹೇಳುತ್ತೇನೆ.

"ನಮ್ಮ ಪುಸ್ತಕ ಬಂದಿದೆ, ಕೊಂಡು ಓದಿ, ಪ್ರೋತ್ಸಾಹಿಸಿ" ಅನ್ನುವ ಸಂದೇಶ ದಿನಕ್ಕೆ ಎರಡು ಬರುತ್ತೆ. ನಾನು ಯಾರನ್ನೂ ಪ್ರೋತ್ಸಾಹಿಸಲು ಓದುವುದಿಲ್ಲ. ಒಳಗೆ ಏನಿದೆ ಅಂತ ತಿಳಿದರೆ ಓದುತ್ತೇನೆ. ಮುಖಪುಟದ ಚಿತ್ರವನ್ನು ಹತ್ತು ಸಲ ಕಳಿಸುವ ಬದಲು ವಾರಕ್ಕೊಂದು ಕಥೆಯಿಂದ ಒಂದೇ ಒಂದು ಪ್ಯಾರಾ ಕಳಿಸಿ, ಬರೆದವರದ್ದೇ ದನಿಯಲ್ಲಿ ಎರಡು ನಿಮಿಷ ಓದಿ ಕಳಿಸಿ. 16 ಕಥೆ ಅಂದರೆ 16 ವಾರ ನಿಮ್ಮ ಪುಸ್ತಕ ಜನರ ಕಿವಿಯಲ್ಲಿರುತ್ತೆ.

ಬೆನ್ನುಡಿಯಲ್ಲಿ ಹೊಗಳಿಕೆ ಬರೆಸಬೇಡಿ. "ಮನ ಮಿಡಿಯುವ, ಹೃದಯ ತಟ್ಟುವ" ಅಂತ ಎಲ್ಲ ಪುಸ್ತಕದ ಹಿಂದೆಯೂ ಇರುತ್ತೆ. ಮೂರು ಕಥೆಗಳಲ್ಲಿ ಏನು ನಡೆಯುತ್ತೆ ಅನ್ನುವುದನ್ನು ಮೂರು ಸಾಲಿನಲ್ಲಿ ಹೇಳಿ, ಮುಂದೇನಾಯ್ತು ಅಂತ ಕೇಳಬೇಕು ಅನ್ನಿಸುವ ಹಾಗೆ.

ಇನ್ನೂ ಮುಖ್ಯವಾದದ್ದು. ಸಂಕಲನಕ್ಕೆ ಕಾದಂಬರಿಗಿಲ್ಲದ ಒಂದು ಅನುಕೂಲ ಇದೆ. ಅದರೊಳಗೆ 16 ಬೇರೆ ಬೇರೆ ಲೋಕ ಇದೆ. ಒಂದೊಂದು ಕಥೆಯೂ ಯಾರದೋ ಬದುಕಿನ ಬಗ್ಗೆ ಇರುತ್ತಲ್ಲ, ಆ ಕಥೆಯನ್ನು ಅವರ ಹತ್ತಿರ ತೆಗೆದುಕೊಂಡು ಹೋಗಿ. ನಿಮ್ಮಲ್ಲಿ ಬಸ್ಸಿನ ಕಥೆ ಇದ್ದರೆ ಡ್ರೈವರ್‌ಗಳು ವಿಶ್ರಾಂತಿ ತೆಗೆದುಕೊಳ್ಳುವ ಜಾಗದಲ್ಲಿ ಓದಿ. ಅವರಿಗೆ ಪುಸ್ತಕ ಮಾರಬೇಡಿ, ಕಥೆ ಓದಿ ಸುಮ್ಮನಿರಿ. ಬೇಕಾದವರು ಕೇಳುತ್ತಾರೆ.


ಮೊದಲಕಥೆ

ಒಪ್ಪಿದೆ ಅಕ್ಕ! ನಾವು ಇದನ್ನು ಯಾಕೆ ಮಾಡಲಿಲ್ಲವೋ. ವಿಮರ್ಶೆ ಬರೆಯುವವರಿಗೆ ಅಂತ 60 ಪ್ರತಿ ಹಂಚಿದ್ದೆವು, ಬಂದಿದ್ದು ಎರಡೇ ಎರಡು ಬರಹ.


ಪುಸ್ತಕದಹುಳು

60 ಜನಕ್ಕೆ ಬರೀ ಪುಸ್ತಕ ಕಳಿಸುವುದಕ್ಕಿಂತ 15 ಜನಕ್ಕೆ ಒಂದೊಂದು ಕಾಗದ ಬರೆದು ಕಳಿಸಿ. "ನೀವು ಇಂಥ ಕಥೆ ಇಷ್ಟಪಡುತ್ತೀರಿ ಅಂತ ಗೊತ್ತು, ಪುಟ 44ರ ಕಥೆಯನ್ನು ಮೊದಲು ಓದಿ" ಅಂತ. ಅಷ್ಟು ಹೇಳಿದರೆ ಯಾರೂ ಆ ಪುಟ ತೆರೆಯದೆ ಇರುವುದಿಲ್ಲ.


ಅಚ್ಚಿನಮನೆ

ಅಂಗಡಿಗೆ ಕೊಡುವುದಿದ್ದರೆ ಬೆಲೆ ಇಡುವಾಗಲೇ ಅವರ ಪಾಲನ್ನು ಲೆಕ್ಕ ಹಾಕಿ. ಮುಖಬೆಲೆಯಲ್ಲಿ ಒಂದು ಭಾಗ ಅವರಿಗೆ ಹೋಗುತ್ತದೆ. ಅಚ್ಚಿನ ಖರ್ಚಿಗೇ ಬೆಲೆ ಇಟ್ಟುಬಿಟ್ಟರೆ ಅಂಗಡಿಯಲ್ಲಿ ಮಾರಿದ ಒಂದೊಂದು ಪ್ರತಿಗೂ ನಿಮಗೆ ನಷ್ಟ. ಕೊಟ್ಟ ಪ್ರತಿಗಳಿಗೆ ಸಹಿ ಹಾಕಿಸಿಕೊಳ್ಳಿ, ಮೂರು ತಿಂಗಳಿಗೊಮ್ಮೆ ಹೋಗಿ ಎಣಿಸಿ.


ಹೊಸಸಂಪಾದಕಿ

ಪುಸ್ತಕ ಬಂದು ಆರು ತಿಂಗಳಾಯಿತು. ಇಲ್ಲಿ ಸಹಾಯ ಮಾಡಿದವರಿಗೆ ವರದಿ ಒಪ್ಪಿಸಬೇಕು ಅನ್ನಿಸಿತು.

300 ಪ್ರತಿ ಹಾಕಿಸಿದ್ದೆವು. ಮೊದಲ ತಿಂಗಳು 130 ಹೋದವು. ಅಷ್ಟೂ ನಮ್ಮ ಬಳಗವೇ. ಎರಡನೆಯ ತಿಂಗಳು ಬರೀ 9. ನಾನು ಹೆದರಿದ್ದು ಹಾಗೇ ನಡೆಯುತ್ತಿತ್ತು. ಆಮೇಲೆ ಪುಸ್ತಕದಹುಳು ಅಕ್ಕ ಹೇಳಿದ್ದನ್ನು ಶುರು ಮಾಡಿದೆವು.

ಬಸ್ಸಿನ ಕಥೆಯನ್ನು ಬರೆದವರೇ ತಮ್ಮ ಜೊತೆಯವರ ಮುಂದೆ ಓದಿದರು. 20 ನಿಮಿಷ ಯಾರೂ ಫೋನ್ ತೆಗೆಯಲಿಲ್ಲ. ಮುಗಿದಮೇಲೆ ಒಬ್ಬ ಹಿರಿಯ ಡ್ರೈವರ್, ಇದು ನನ್ನ ಹೆಂಡತಿಗೆ ಓದಿ ಹೇಳಬೇಕು, ಒಂದು ಪ್ರತಿ ಕೊಡಿ ಅಂದರು.

ಇನ್ನೊಂದು ಕಥೆ ರಾತ್ರಿ ಪಾಳಿಯ ನರ್ಸ್ ಬಗ್ಗೆ. ಬರೆದವರು ಅಮ್ಮನ ಜೊತೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇದ್ದವರು, ಕಂಡದ್ದನ್ನು ಬರೆದಿದ್ದಾರೆ. ಅದನ್ನು ಏಳು ಜನ ನರ್ಸ್‌ಗಳ ಮುಂದೆ ಓದಿದೆವು. ಕಥೆಯ ಕೊನೆಗೆ ಆ ನರ್ಸ್ ಚಾರ್ಟ್‌ನಲ್ಲಿ ಸಮಯ ಬರೆದು, ಸಹಿ ಹಾಕಿ, ಆಮೇಲೆ ಸಿರಿಂಜ್ ಕೈಗೆ ತೆಗೆದುಕೊಳ್ಳುತ್ತಾಳೆ. ಓದಿ ಮುಗಿಸಿದಾಗ ಎಲ್ಲರೂ ಸುಮ್ಮನಿದ್ದರು. ಒಬ್ಬರು ಮೆಲ್ಲಗೆ ಹೇಳಿದರು: "ಕಥೆ ತುಂಬಾ ಚೆನ್ನಾಗಿದೆ. ಆದರೆ ನಾವು ಇಂಜೆಕ್ಷನ್ ಕೊಡುವ ಮೊದಲು ಬರೆಯುವುದಿಲ್ಲ. ಕೊಟ್ಟಮೇಲೇ ಬರೆಯುವುದು. ಕೊಡುವ ಮೊದಲೇ ಸಹಿ ಹಾಕಿ, ಅಷ್ಟರಲ್ಲಿ ಯಾರೋ ಕರೆದು ಹೋಗಿಬಿಟ್ಟರೆ, ಮುಂದಿನವರು ಕೊಟ್ಟಾಗಿದೆ ಅಂದುಕೊಳ್ಳುತ್ತಾರೆ." ಕಥೆ ಬರೆದವರು ಅಲ್ಲೇ ಪೆನ್ನು ತೆಗೆದು ತಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಂಡರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಮಾತು. 11 ಜನ ಬರಹಗಾರರು, ಹೊರಗಿನ ಇಬ್ಬರು, ಕರಡು ಓದಿದವರು, ಯಾರಿಗೂ ಕಾಣದ್ದು ಅವರಿಗೆ ಒಂದೇ ಸಲಕ್ಕೆ ಕಂಡಿತ್ತು.

ಆ ಏಳು ಜನರಿಂದ ಅವರ ಜೊತೆಯವರಿಗೆ, ಅಲ್ಲಿಂದ ಇನ್ನೂ ಯಾರಿಗೋ. ನಮಗೆ ಹೆಸರು ಗೊತ್ತಿಲ್ಲದವರಿಂದ ಪ್ರತಿ ಬೇಕು ಅಂತ ಫೋನ್ ಬರಲು ಶುರುವಾಯಿತು. ಈಗ 22 ಪ್ರತಿ ಉಳಿದಿವೆ. ಮತ್ತೆ 200 ಹಾಕಿಸಬೇಕು ಅಂತಿದ್ದೇವೆ. ಆ ನರ್ಸ್ ಕಥೆಯ ಕೊನೆಯ ಎರಡು ಸಾಲನ್ನು ಲೇಖಕರು ತಿದ್ದಿ ಕೊಟ್ಟಿದ್ದಾರೆ. ಈಗ ಅವಳು ಇಂಜೆಕ್ಷನ್ ಕೊಟ್ಟು, ದೀಪದ ಹತ್ತಿರ ಬಂದು, ಗಡಿಯಾರ ನೋಡಿ ಬರೆಯುತ್ತಾಳೆ. ನನಗೆ ಮೊದಲಿಗಿಂತ ಇದೇ ಇಷ್ಟ ಆಯಿತು.

ಅಚ್ಚಿನಮನೆ ಸರ್, ಎರಡು ಸಾಲು ಬದಲಾದರೆ ಐಎಸ್‌ಬಿಎನ್ ಹೊಸದು ಬೇಕಾ?


ಅಚ್ಚಿನಮನೆ

ಬೇಡ ಮೇಡಂ. ಇಷ್ಟು ಸಣ್ಣ ತಿದ್ದುಪಡಿಗೆ, ಮರುಮುದ್ರಣಕ್ಕೆ ಅದೇ ನಂಬರ್ ನಡೆಯುತ್ತದೆ. ಕಥೆ ಸೇರಿಸಿದರೆ ಅಥವಾ ತೆಗೆದರೆ ಮಾತ್ರ ಹೊಸದು. ಹಕ್ಕುಪುಟದಲ್ಲಿ "ಎರಡನೆಯ ಮುದ್ರಣ" ಅಂತ ವರ್ಷದ ಜೊತೆ ಹಾಕಿಸಿ. ತಿದ್ದಿದ ಸಾಲುಗಳು ಹಳೆಯದಕ್ಕಿಂತ ಉದ್ದವಾಗಿ ಮುಂದಿನ ಪುಟಕ್ಕೆ ಹರಿದುಹೋಗಿವೆಯಾ ಅಂತ ಒಮ್ಮೆ ನೋಡಿ, ಹಾಗಾಗಿದ್ದರೆ ಪರಿವಿಡಿಯ ಪುಟಸಂಖ್ಯೆಯೂ ಬದಲಾಗಬಹುದು.


ಹೊಸಸಂಪಾದಕಿ

ನೋಡಿದೆ ಸರ್. ಅದೇ ಪುಟದಲ್ಲಿ ಮುಗಿಯುತ್ತದೆ, ಕೆಳಗೆ ಇನ್ನೂ ಮೂರು ಸಾಲು ಜಾಗ ಇದೆ.